ಹಲ್ಲು ಕಿತ್ತ ಜಾಗದಲ್ಲಿ ತೂತು, ಸೈನಸ್‌ನಲ್ಲಿ ಫಂಗಸ್: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ, ಶುಗರ್ ಇದೆ. ನಾಲ್ಕು ತಿಂಗಳ ಹಿಂದೆ ಮೇಲಿನ ಬಲ ದವಡೆ ಹಲ್ಲು ಕೀಳಿಸಿದ್ದೆವು. ಆವಾಗಿನಿಂದ ಕಾಫಿ ಕುಡಿದರೆ ಬಲ ಮೂಗಿನಲ್ಲಿ ಇಳಿಯುತ್ತದೆ, ಕೆಟ್ಟ ವಾಸನೆ ಬೇರೆ. ಒಮ್ಮೆ ಹೊಲಿಗೆ ಹಾಕಿದ್ದು ಎರಡೇ ವಾರಕ್ಕೆ ಬಿಟ್ಟುಹೋಯಿತು. ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ 'ಫಂಗಲ್ ಬಾಲ್' ಎಂದಿದೆ. ಇದು ಬ್ಲ್ಯಾಕ್ ಫಂಗಸ್ಸಾ ಡಾಕ್ಟ್ರೇ? ಮತ್ತೆ ಹೊಲಿಗೆ ಹಾಕಿಸಬೇಕಾ?

ಉತ್ತರ (ಇಎನ್‌ಟಿ ಸರ್ಜನ್): ಬರೀ ಹೊಲಿಗೆ ಬೇಡ. ಮೇಲಿನ ದವಡೆ ಹಲ್ಲುಗಳ ಮೇಲೆ, ಕೆನ್ನೆ ಮೂಳೆಯ ಒಳಗಿದ್ದು ಮೂಗಿಗೆ ತೆರೆದುಕೊಳ್ಳುವ ಟೊಳ್ಳೇ ಸೈನಸ್. ಅದರೊಳಗೆ ಕೀವು, ಫಂಗಸ್ ಇಟ್ಟುಕೊಂಡು ಬಾಯಿ ಕಡೆ ಮುಚ್ಚಿದರೆ ಅದು ನಿಲ್ಲುವುದಿಲ್ಲ, ಹಿಂದಿನ ಹೊಲಿಗೆ ಬಿಟ್ಟಿದ್ದಕ್ಕೂ ಇದೇ ಕಾರಣ ಇರಬಹುದು. ಸೈನಸ್ ಸ್ವಚ್ಛ ಮಾಡುವುದು, ತೂತು ಮುಚ್ಚುವುದು ಎರಡನ್ನೂ ಸಾಮಾನ್ಯವಾಗಿ ಒಂದೇ ಅನಸ್ತೇಷಿಯಾದಲ್ಲಿ ಮಾಡುತ್ತೇವೆ.

ಫಂಗಲ್ ಬಾಲ್ ಎಂದರೆ ಸೈನಸ್‌ನ ಟೊಳ್ಳಿನಲ್ಲಿ ಗಟ್ಟಿಯಾಗಿ ಕೂತ ಫಂಗಸ್ ಮುದ್ದೆ, ಹೆಚ್ಚಾಗಿ ಆಸ್ಪರ್ಜಿಲಸ್. ಸಿಟಿಯಲ್ಲಿ ಒಂದೇ ಕಡೆಯ ಸೈನಸ್ ತುಂಬಿ, ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಕಾಣುತ್ತವೆ. ರೂಟ್ ಕೆನಾಲ್ ಮಾಡಿದ ಹಲ್ಲಾಗಿದ್ದರೆ, ಬೇರಿನೊಳಗೆ ತುಂಬಿದ್ದು ಸೈನಸ್ಸಿಗೆ ದಾಟಿದ ಜಿಂಕ್ ಆಕ್ಸೈಡ್ ಸಿಮೆಂಟು ಇದಕ್ಕೆ ನೆಲೆ ಕೊಟ್ಟಿರಬಹುದು. ಫಂಗಲ್ ಬಾಲ್ ಮೈಗೆ ನುಗ್ಗುವುದಿಲ್ಲ. ಬ್ಲ್ಯಾಕ್ ಫಂಗಸ್, ಅಂದರೆ ಮ್ಯೂಕರ್, ರಕ್ತನಾಳಕ್ಕೆ ನುಗ್ಗಿ ಮೂಳೆ, ಕಣ್ಣು, ಮಿದುಳಿಗೆ ಹೋಗುತ್ತದೆ. ಆದರೂ ಶುಗರ್ ಇರುವವರಲ್ಲಿ ಸಿಟಿ ಒಂದನ್ನೇ ನಂಬಿ ಕೂರಬಾರದು. ಅಂಗುಳು ಕಪ್ಪಾದರೆ, ಕೆನ್ನೆ ಜೋಮು ಹಿಡಿದರೆ, ಕಣ್ಣು ಊದಿದರೆ, ಎರಡೆರಡಾಗಿ ಕಂಡರೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಆಪರೇಷನ್ ಮೂಗಿನ ಒಳಗಿಂದಲೇ, ಎಂಡೋಸ್ಕೋಪಿನಲ್ಲಿ. ಅನ್ಸಿನೇಟ್ ಎಂಬ ತೆಳು ಮೂಳೆ ತೆಗೆದು ಸೈನಸ್‌ನ ಸಹಜ ದಾರಿಯನ್ನು ಅಗಲ ಮಾಡುತ್ತೇವೆ. ಮುದ್ದೆಯನ್ನು ತುಂಡು ತುಂಡಾಗಿ ತೆಗೆದು, ಸಲೈನ್ ಹಾಯಿಸಿ ತೊಳೆಯುತ್ತೇವೆ. ಮುಂದಿನ ಗೋಡೆಯ ಮೂಲೆಯಲ್ಲಿ ಚೂರು ಉಳಿಯುವುದು ಸಾಮಾನ್ಯ, ಅದಕ್ಕೇ ಓರೆಯಾಗಿ ಮೂಲೆ ತೋರಿಸುವ 70 ಡಿಗ್ರಿ ಸ್ಕೋಪ್ ಹಾಕಿ ನೋಡುತ್ತೇವೆ. ಆರೋಗ್ಯವಾಗಿ ಕಂಡರೂ ಒಳಪೊರೆಯ ತುಣುಕನ್ನು ಬಯಾಪ್ಸಿಗೆ ಕಳಿಸಲೇಬೇಕು. ಫಂಗಸ್ ಅಂಗಾಂಶದೊಳಗೆ ಹೊಕ್ಕಿಲ್ಲ ಎಂದು ಅಲ್ಲಿ ಖಚಿತವಾದರೆ ಫಂಗಸ್ ಮಾತ್ರೆ, ಇಂಜೆಕ್ಷನ್ ಏನೂ ಬೇಡ.

ಉತ್ತರ (ಬಾಯಿ-ದವಡೆ ಸರ್ಜನ್): ಬಾಯಿ ಕಡೆಯದು ನಾನು ಹೇಳುತ್ತೇನೆ. ಹಲ್ಲು ಕಿತ್ತಾಗ 2 ಮಿ.ಮೀ. ಒಳಗಿನ ತೂತು ಬಿದ್ದರೆ ರಕ್ತ ಹೆಪ್ಪುಗಟ್ಟಿ ತಾನೇ ಮುಚ್ಚಿಕೊಳ್ಳುತ್ತದೆ. ನಾಲ್ಕು ತಿಂಗಳಾದ ದಾರಿಗೆ ಒಳಗೆಲ್ಲ ಚರ್ಮ ಬೆಳೆದಿರುತ್ತದೆ, ಆ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯದೆ ಅಂಚುಗಳನ್ನು ಎಷ್ಟು ಬಿಗಿದರೂ ಕೂಡುವುದಿಲ್ಲ.

ಚಿಕ್ಕದಾದರೆ ಕೆನ್ನೆ ಕಡೆಯ ಒಸಡನ್ನು ಎಳೆದು ಮುಚ್ಚಬಹುದು. ಪದರದ ಒಳಮೈಯಲ್ಲಿರುವ ಪೆರಿಯಾಸ್ಟಿಯಮ್ (ಮೂಳೆಯನ್ನು ಹೊದ್ದಿರುವ ಪೊರೆ) ಬಿಗಿಯಾಗಿರುತ್ತದೆ, ಅದನ್ನು ಅಡ್ಡಕ್ಕೆ ಕೊಯ್ದರೆ ಮಾತ್ರ ಪದರ ಸಡಿಲವಾಗಿ ಬರುತ್ತದೆ. ಎಳೆತ ಉಳಿದರೆ ರಕ್ತ ಹರಿಯದೆ ಅಂಚು ಸಾಯುತ್ತದೆ. ಹೊಲಿಗೆಯ ಗೆರೆ ತೂತಿನ ಮೇಲೆ ಬೀಳದೆ ಮೂಳೆಯ ಮೇಲೆ ಕೂರಬೇಕು. ಒಮ್ಮೆ ಬಿಟ್ಟುಕೊಂಡಿರುವುದರಿಂದ ನಿಮ್ಮ ತಾಯಿಗೆ ಕೆನ್ನೆಯ ಕೊಬ್ಬನ್ನು (ಬಕಲ್ ಫ್ಯಾಟ್ ಪ್ಯಾಡ್) ತಂದು ಒಳಪದರವಾಗಿ ತುಂಬಿ, ಮೇಲೆ ಒಸಡು ಮುಚ್ಚುವುದೇ ನನಗೆ ಸರಿ ಎನಿಸುತ್ತದೆ. ಕೊಬ್ಬಿಗೆ ರಕ್ತ ಸಂಚಾರ ಚೆನ್ನಾಗಿದೆ.

ಮರುಪ್ರಶ್ನೆ: ಧನ್ಯವಾದ ಸರ್. ಮನೆಯಲ್ಲಿ ಏನು ಜಾಗ್ರತೆ?

ಉತ್ತರ (ಬಾಯಿ-ದವಡೆ ಸರ್ಜನ್): ಆಪರೇಷನ್ನಿಗೆ ಮೊದಲೇ ಶುಗರ್ ಹತೋಟಿಗೆ ಬರಲಿ. ಆಮೇಲೆ ಎರಡು ವಾರ ಮೂಗು ಸೀಟಕೂಡದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಲಿ, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಹೊಲಿಗೆ ಕಿತ್ತುಬರುತ್ತದೆ. ಸ್ಟ್ರಾ ಬೇಡ, ಎಲೆ-ಅಡಿಕೆ ತಂಬಾಕು ಖಂಡಿತ ಬೇಡ. ಗಂಜಿ, ಮೆತ್ತಗಿನ ಅನ್ನ, ಎಡಗಡೆ ಅಗಿಯಲಿ. ಮೂಗು ಕಟ್ಟಿದರೆ ಕೊಡುವ ಡ್ರಾಪ್ಸ್ ಐದಾರು ದಿನಕ್ಕಿಂತ ಹೆಚ್ಚು ಹಾಕಬೇಡಿ, ಬಿಟ್ಟಾಗ ಇನ್ನಷ್ಟು ಕಟ್ಟುತ್ತದೆ. ಹೊಲಿಗೆ 10ರಿಂದ 14 ದಿನಕ್ಕೆ ತೆಗೆಯುತ್ತೇವೆ. ಅಷ್ಟರೊಳಗೆ ನೀರು ಮತ್ತೆ ಮೂಗಿಗೆ ಬಂದರೆ ನಾಲಗೆಯಿಂದ, ಕಡ್ಡಿಯಿಂದ ಮುಟ್ಟಿ ನೋಡದೆ ಫೋನ್ ಮಾಡಿ ಬನ್ನಿ.