ದೇವಣಿ ಹಸುವಿನ ಮೊಸರಿನ ಬ್ಯಾಕ್ಟೀರಿಯಾ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲ, ಕೈಬಿಡಬೇಕಾ?

ಔರಾದ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಔರಾದ್ ಕಡೆಯ ನಮ್ಮೂರಿಂದ ದೇವಣಿ ಹಸುವಿನ ಮೊಸರು ತಂದಿದ್ದೆ. ಅಜ್ಜಿ ಹೊರಗಿನ ಹೆಪ್ಪು ಮನೆಗೆ ಸೇರಿಸುವುದಿಲ್ಲ, ನಿನ್ನೆಯ ಮೊಸರೇ ಇವತ್ತಿಗೆ ಹೆಪ್ಪು. ಅದಕ್ಕೇ ಅದನ್ನು ಆರಿಸಿದೆ.

ಎಂಆರ್‌ಎಸ್ ಅಗಾರ್ (ಮೊಸರಿನ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಬಂದ ಒಂದು ಬಿಳಿ ಕಾಲನಿ ತುಂಬಾ ಗಟ್ಟಿ. ಗ್ರಾಂ ಪಾಸಿಟಿವ್, ಕ್ಯಾಟಲೇಸ್ ನೆಗೆಟಿವ್, ಅಂದರೆ ಮೊಸರಿನ ಬ್ಯಾಕ್ಟೀರಿಯಾ ಲಕ್ಷಣವೇ. ಹೊಟ್ಟೆಯ ಆಮ್ಲದಂಥ ಪಿಎಚ್ 3ರಲ್ಲಿ 3 ಗಂಟೆ ಇಟ್ಟರೂ ಬದುಕಿತು, ಕರುಳಿನಲ್ಲಿರುವಂಥ ಪಿತ್ತ ಲವಣದಲ್ಲೂ (0.3%) ಬೆಳೆಯಿತು. ಆದರೆ ಔಷಧಿ ತುಂಬಿದ ಕಾಗದದ ಬಿಲ್ಲೆ ಇಟ್ಟು ನೋಡುವ ಡಿಸ್ಕ್ ಟೆಸ್ಟಿನಲ್ಲಿ ಬೆಳವಣಿಗೆ ವ್ಯಾಂಕೊಮೈಸಿನ್ ಡಿಸ್ಕಿನ ಅಂಚಿಗೇ ಬಂದು ಮುಟ್ಟಿದೆ. ಆಂಪಿಸಿಲಿನ್, ಟೆಟ್ರಾಸೈಕ್ಲಿನ್ ಸುತ್ತ ಮಾತ್ರ ದೊಡ್ಡ ಖಾಲಿ ವೃತ್ತ ಇದೆ. ರಕ್ತ ಬೆರೆಸಿದ ಬ್ಲಡ್ ಅಗಾರಿನಲ್ಲಿ ಕಾಲನಿ ಸುತ್ತ ತುಸು ಹಸಿರು. ಲ್ಯಾಬಿನಲ್ಲಿ ಒಬ್ಬರು "ಅಪಾಯ, ಒಗೆದುಬಿಡು" ಅಂದರು. ನನಗೆ ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಹಳೇ ಡೈರಿ ಮನುಷ್ಯ:
ಒಗೀಬೇಡ ತಂಗಿ. ಮೈಕ್ರೋಸ್ಕೋಪಿನಲ್ಲಿ ಕಡ್ಡಿ ತರಹ ಕಾಣುತ್ತಾ, ದುಂಡಗಾ? ಎಲ್ಲಾ ಇದರ ಮೇಲೇ ನಿಂತಿದೆ. ವ್ಯಾಂಕೊಮೈಸಿನ್ ಹಿಡಿಯುವುದು ಕೋಶಭಿತ್ತಿ ಕಟ್ಟುವ ತುಣುಕಿನ ತುದಿಯಲ್ಲಿರುವ ಎರಡು ಡಿ-ಅಲನಿನ್ ಎಂಬ ಅಮೈನೋ ಆಮ್ಲಗಳನ್ನು. ಕಡ್ಡಿಯಾಕಾರದ ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಪ್ಲಾಂಟಾರಮ್, ಫರ್ಮೆಂಟಮ್, ಕೇಸಿಯೈಗಳಲ್ಲಿ ಆ ತುದಿಗೆ ಡಿ-ಲ್ಯಾಕ್ಟೇಟ್ ಇರುತ್ತದೆ, ಔಷಧಿಗೆ ಹಿಡಿತವೇ ಸಿಗುವುದಿಲ್ಲ. ಇದು ಅವುಗಳ ಹುಟ್ಟುಗುಣ, ಬೇರೆ ಬ್ಯಾಕ್ಟೀರಿಯಾಗೆ ದಾಟುವಂಥದ್ದಲ್ಲ. ದುಂಡಗಿದ್ದು ಎಂಟರೊಕಾಕಸ್ ಆಗಿದ್ದರೆ ಮಾತು ಬೇರೆ. ಅದರಲ್ಲಿ ವ್ಯಾಂಕೊಮೈಸಿನ್ ತಡೆಯುವ ವ್ಯಾನ್‌ಎ ಜೀನ್ ಇದ್ದರೆ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳ ನಡುವೆ ಓಡಾಡುವ ಡಿಎನ್‌ಎ ತುಣುಕು) ಹತ್ತಿ ಬೇರೆ ಕಡೆ ಹೋಗುತ್ತದೆ. ಟೆಟ್ರಾಸೈಕ್ಲಿನ್‌ಗೆ ಸಾಯುತ್ತಿದೆ ಅಂದದ್ದು ನನಗೆ ಸಮಾಧಾನ ಕೊಟ್ಟಿತು, ಯಾಕಂದರೆ ದಾಟುವ ಜೀನ್‌ಗಳಲ್ಲಿ ಟೆಟ್ರಾಸೈಕ್ಲಿನ್ ತಡೆಯುವವೇ ಜಾಸ್ತಿ.

ಬೀದರ್ ಬೆಂಚ್:
ಹಸಿರು ಅಂದರೆ ಆಲ್ಫಾ, ರಕ್ತಕಣ ಅರೆಬರೆ ಮಾತ್ರ ಹಾಳಾಗಿದೆ ಅಂತ. ಈ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದಲೂ ಹಾಗೆ ಆಗುತ್ತದೆ. ಪಕ್ಕದಲ್ಲೇ ಸ್ಟಫಿಲೋಕಾಕಸ್ ಆರಿಯಸ್ ಗೀಟು ಎಳೆದು ಹೋಲಿಸಿ ನೋಡಮ್ಮ. ಅದರ ಹಾಗೆ ಪೂರ್ತಿ ತಿಳಿಯಾದರೆ ಬೀಟಾ, ಅಂದರೆ ರಕ್ತಕಣ ಪೂರ್ತಿ ಒಡೆದಿವೆ, ಆಗ ಬಿಡಲೇಬೇಕು. ಡಿಸ್ಕ್ ಫಲಿತಾಂಶ ಒಂದನ್ನೇ ನಂಬಬೇಡ, ಬ್ರಾತ್‌ನಲ್ಲಿ (ದ್ರವ ಮಾಧ್ಯಮ) ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸುವ ಕನಿಷ್ಠ ಔಷಧಿ ಪ್ರಮಾಣ, ತೆಗಿ. ಯಾವ ಜಾತಿ ಅಂತ ತಿಳಿಯಲು 16ಎಸ್ ಜೀನ್ ಪರೀಕ್ಷೆ ಮಾಡಿಸು, ಆದರೆ ಪ್ಲಾಂಟಾರಮ್ ಮತ್ತು ಪೆಂಟೋಸಸ್ ಅದರಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅಲ್ಲಿ ರೆಕ್‌ಎ ಜೀನ್ ನೋಡಬೇಕು. ಹೆಸರು ಬರೆಯುವಾಗಲೂ ಜೋಪಾನ, 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನೇ ಒಡೆದಿದ್ದಾರೆ. ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್.

ಹುಮನಾಬಾದ್ ಹಾಲು:
ನಡುವೆ ಬಂದೆ, ಕ್ಷಮಿಸಿ. ನಾನು ಮನೆಯಿಂದಲೇ ಮೊಸರು ಮಾರುತ್ತೇನೆ. ಇಂಥದ್ದು ಸಿಕ್ಕರೆ ಡಬ್ಬಿ ಮೇಲೆ ಪ್ರೊಬಯಾಟಿಕ್ (ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ) ಅಂತ ಹಾಕಬಹುದಾ?

ಬೀದರ್ ಬೆಂಚ್:
ಸುಮ್ನೆ ಹಾಕೋ ಹಾಗಿಲ್ಲ ಅಣ್ಣ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ (ಐಸಿಎಂಆರ್–ಡಿಬಿಟಿ) 2011ರ ಮಾರ್ಗಸೂಚಿ ಪ್ರಕಾರ ತಳಿಯ ಗುರುತು, ಲ್ಯಾಬ್ ಪರೀಕ್ಷೆ, ಪ್ರಾಣಿಗಳಲ್ಲಿ ಸುರಕ್ಷತೆ, ಮನುಷ್ಯರಲ್ಲಿ ಪ್ರಯೋಜನ ಎಲ್ಲಾ ತೋರಿಸಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಲೆಕ್ಕದಲ್ಲಿ ದಿನದ ಪ್ರಮಾಣದಲ್ಲಿ ಸಾಮಾನ್ಯವಾಗಿ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಒಳ್ಳೇ ಮೊಸರು ಅಂತಲೇ ಮಾರಿ.

ಔರಾದ್ ಹುಡುಗಿ:
ಈಗಷ್ಟೇ ಸ್ಲೈಡ್ ನೋಡಿ ಬಂದೆ. ಕಡ್ಡಿಯೇ ಅಣ್ಣ, ಗಿಡ್ಡ ಕಡ್ಡಿ, ಜೋಡಿ ಜೋಡಿಯಾಗಿ ಇವೆ! ಸಾಯದಿರಲಿ ಅಂತ ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80 ಡಿಗ್ರಿಗೆ ಇಟ್ಟಿದ್ದೇನೆ. ನಾಳೆ ಡಿಎನ್‌ಎ ತೆಗೆಯುತ್ತೇನೆ.