ಹೊಸೂರು: ಕಾರ್ಮಿಕ ಸಂಘಕ್ಕೆ ನೋಂದಣಿ ಇದೆ, ಮಾನ್ಯತೆ ಇಲ್ಲ. ಮುಂದೇನು?

ಬಾಗಲೂರಿನವನು:
ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಪ್ರೆಸ್ ಯಂತ್ರದ ಮುಂದೆ ನಿಂತವನು ನಾನು. ಸಂಘಕ್ಕೆ ಮಾನ್ಯತೆ ಕೊಡಿ ಎಂದು ಆರು ದಿನದಿಂದ ಗೇಟಿನ ಹೊರಗಿದ್ದೇವೆ. ಶೌಚಾಲಯಕ್ಕೆ ಹೋದರೆ ಮೇಲ್ವಿಚಾರಕ ಗಡಿಯಾರ ನೋಡಿ ಚೀಟಿಯಲ್ಲಿ ನಿಮಿಷ ಬರೆಯುತ್ತಾನೆ. ಸಂಬಳಕ್ಕಿಂತ ಆ ಚೀಟಿಯೇ ನನ್ನನ್ನು ಹೊರಗೆ ತಂದದ್ದು. ನಿನ್ನೆ ಮನೆಗೆ ನೋಟಿಸ್ ಬಂತು, ತಮಿಳಿನಲ್ಲಿ. ನನಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಏಳನೇ ತರಗತಿಯ ಮಗಳು ಓದಿ ಹೇಳಿದಳು. ‘ಶಿಸ್ತುಕ್ರಮ’ ಎಂದರೇನಪ್ಪಾ ಎಂದು ಕೇಳಿದಳು. ಏನು ಹೇಳಲಿ?

ಡೆಂಕಣಿಕೋಟೆ:
ನೋಂದಣಿ ಮಾಡುವುದು ಸರ್ಕಾರ, ಮಾನ್ಯತೆ ಕೊಟ್ಟು ಮಾತಿಗೆ ಕೂರಬೇಕಾದದ್ದು ಆಡಳಿತ. ಎರಡೂ ಬೇರೆ, ಅಣ್ಣಾ. ಶ್ರೀಪೆರಂಬುದೂರಿನ ಸ್ಯಾಮ್‌ಸಂಗ್ ಕಾರ್ಮಿಕರು 2024ರ ಸೆಪ್ಟೆಂಬರಿನಿಂದ 37 ದಿನ ಮುಷ್ಕರ ಕುಳಿತರು. ಅವರಿಗೆ ನೋಂದಣಿಯೇ ಸಿಕ್ಕಿದ್ದು 2025ರ ಜನವರಿಯಲ್ಲಿ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ.

ತಳಿ ಊರಿನ ಅಕ್ಕ:
ಮೊದಲು ನೋಟಿಸಿಗೆ ಉತ್ತರ ಬರೆಯಿರಿ. ನಮ್ಮ ಯಜಮಾನರು ‘ಎಲ್ಲರಿಗೂ ಬಂದಿದೆಯಲ್ಲ’ ಎಂದು ಸುಮ್ಮನಿದ್ದರು. ವಿಚಾರಣೆ ಅವರಿಲ್ಲದೆಯೇ ಮುಗಿಯಿತು.

ಬಾಗಲೂರಿನವನು:
ಇವತ್ತೇ ಬರೆಸಿದೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಒಕ್ಕಣೆ ತಮಿಳು, ಸಹಿ ಕನ್ನಡ.