ಬಾವಿ ಹತ್ತಿರವಿರುವ ಮಲೆನಾಡಿನ ಚಿಕ್ಕ ಮನೆಗೆ ಸೆಪ್ಟಿಕ್ ಟ್ಯಾಂಕ್: ಎಲ್ಲಿ, ಎಷ್ಟು, ಹೇಗೆ?

ಪ್ರಶ್ನೆ: ಬೇಣದಮನೆ (ಸಿದ್ದಾಪುರ, ಉತ್ತರ ಕನ್ನಡ)

ಸಿದ್ದಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸುಮಾರು 900 ಚದರ ಅಡಿಯ ಮನೆಯೊಂದನ್ನು ಕಟ್ಟಿಸುತ್ತಿದ್ದೇನೆ. ಅಡಿಪಾಯ ಮುಗಿದು ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಮನೆಯಲ್ಲಿ ನಾವು ಐದು ಜನ. ಹಬ್ಬ, ತಿಥಿ, ಅಡಿಕೆ ಕೊಯ್ಲಿನ ದಿನಗಳಲ್ಲಿ ಹತ್ತು ಜನರಾಗುವುದೂ ಉಂಟು. ಶೌಚಾಲಯ ಎರಡು.

ಮನೆಯ ವಾಯವ್ಯ ಮೂಲೆಯಲ್ಲಿ ನಾಲ್ಕು ಅಡಿ ವ್ಯಾಸದ ಸಿಮೆಂಟ್ ರಿಂಗುಗಳನ್ನು ಹತ್ತು ಅಡಿ ಆಳಕ್ಕೆ ಇಳಿಸಿ, ತಳಕ್ಕೆ ಏನೂ ಹಾಕದೆ, ಮೇಲೆ ಮುಚ್ಚಳ ಕೂರಿಸಿದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಊರಿನಲ್ಲಿ ಎಲ್ಲರೂ ಹೀಗೆಯೇ ಮಾಡಿದ್ದಾರೆ, ಇಪ್ಪತ್ತು ವರ್ಷವಾದರೂ ಒಂದೂ ತುಂಬಿಲ್ಲ ಎಂಬುದು ಅವರ ಮಾತು. ನನಗೆ ಅಳುಕಿರುವುದು ಬಾವಿಯ ವಿಷಯದಲ್ಲಿ. ಅವರು ತೋರಿಸಿದ ಜಾಗದಿಂದ ಬಾವಿ ಪೂರ್ವಕ್ಕೆ ಸುಮಾರು 50 ಅಡಿ ದೂರದಲ್ಲಿ, ತೋಟಕ್ಕೆ ಇಳಿಯುವ ದಾರಿಯಲ್ಲಿ, ಮನೆಗಿಂತ ತಗ್ಗಿನಲ್ಲಿದೆ. ಏಪ್ರಿಲ್‌ನಲ್ಲಿ ನೀರು 28 ಅಡಿ ಕೆಳಗಿರುತ್ತದೆ. ಆಗಸ್ಟ್‌ನಲ್ಲಿ ನೆಲಮಟ್ಟದಿಂದ ಐದೇ ಅಡಿಗೆ ಬರುತ್ತದೆ. ನಾವಲ್ಲದೆ ಪಕ್ಕದ ಎರಡು ಮನೆಯವರೂ ಇದೇ ನೀರನ್ನು ಕುಡಿಯುತ್ತಾರೆ. ಮನೆಯ ಪಶ್ಚಿಮಕ್ಕೆ ಬೇಣ (ಹುಲ್ಲು ಬೆಳೆಯುವ ಬಯಲು) ಇದ್ದು, ಅದು ಬಾವಿಗೆ ವಿರುದ್ಧ ದಿಕ್ಕಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಮೇಲ್ಮಣ್ಣು ಕೆಂಪು, ಅದರ ಕೆಳಗೆ ಜಂಬಿಟ್ಟಿಗೆ (ತೂತುತೂತಾದ ಕೆಂಪು ಕಲ್ಲು).

ಟ್ಯಾಂಕಿನ ಅಳತೆ ಎಷ್ಟಿರಬೇಕು, ಹೊರಬರುವ ನೀರನ್ನು ಎಲ್ಲಿ ಇಂಗಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಮನೆಯ ಹಿರಿಯರು ಟ್ಯಾಂಕ್ ವಾಯವ್ಯದಲ್ಲೇ ಇರಲಿ, ನೈಋತ್ಯದಲ್ಲಂತೂ ಗುಂಡಿ ತೆಗೆಯಬಾರದು ಎಂದು ಹೇಳಿದ್ದಾರೆ. ಸಾಧ್ಯವಿದ್ದಷ್ಟು ಅವರ ಮಾತನ್ನೂ ಉಳಿಸಿಕೊಳ್ಳುವ ಆಸೆ ನನ್ನದು.

ಉತ್ತರ: ಕಟ್ಟೋಣ (ಶಿವಮೊಗ್ಗ)

ನಾನು ಸಿವಿಲ್ ಎಂಜಿನಿಯರ್. ಮಲೆನಾಡಿನ ಮನೆಗಳ ಕೆಲಸವನ್ನೇ ಹೆಚ್ಚು ಮಾಡಿದ್ದೇನೆ. ನಿಮ್ಮ ಅಳುಕು ಸರಿಯಾಗಿದೆ.

ಇಪ್ಪತ್ತು ವರ್ಷವಾದರೂ ತುಂಬದ ಗುಂಡಿ ಎಂದರೆ, ಅದರೊಳಗೆ ಬಿದ್ದ ನೀರೆಲ್ಲ ಸೋಸದೆ ಎಲ್ಲಿಗೋ ಹೋಗುತ್ತಿದೆ ಎಂದು ಅರ್ಥ. ತಳವಿಲ್ಲದ ರಿಂಗುಗಳ ಗುಂಡಿಯನ್ನು ನಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುತ್ತಾರಾದರೂ ಅದು ಇಂಗುಗುಂಡಿ ಮಾತ್ರ. ನಿಜವಾದ ಸೆಪ್ಟಿಕ್ ಟ್ಯಾಂಕ್ ನೀರು ಸೋರದ ತೊಟ್ಟಿ. ಅದರಲ್ಲಿ ಮಡ್ಡಿ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮಡ್ಡಿಯನ್ನು ಕರಗಿಸುತ್ತವೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಆದರೆ ಆ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣುಗಳು ಅದರಲ್ಲಿ ಹಾಗೆಯೇ ಇರುತ್ತವೆ. ಅವು ಸಾಯುವುದು ಮುಂದೆ ಮಣ್ಣಿನಲ್ಲಿ, ಅದೂ ಕಣಗಳ ನಡುವೆ ಗಾಳಿಯಾಡುವ, ನೀರಿನಿಂದ ತೊಯ್ದು ಹೋಗದ ಮಣ್ಣಿನಲ್ಲಿ. ಹಾಗಾಗಿ ಇಂಗಿಸುವ ಜಾಗದ ತಳಕ್ಕೂ ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕೂ ನಡುವೆ ಒಣ ಮಣ್ಣು ಉಳಿದಿರಬೇಕು. ಮೇಸ್ತ್ರಿ ಹೇಳಿದ ಗುಂಡಿಯ ತಳ ಆಗಸ್ಟ್‌ನಲ್ಲಿ ಅಂತರ್ಜಲದಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು.

ಈ ಕೆಲಸಕ್ಕೆ ಭಾರತೀಯ ಮಾನಕ ಐಎಸ್ 2470 ಇದೆ. ಮೊದಲ ಭಾಗ ಟ್ಯಾಂಕಿನದು, ಎರಡನೆಯದು ಹೊರನೀರಿನ ವಿಲೇವಾರಿಯದು. ಅದರ ಪ್ರಕಾರ ಇಂಗಿಸುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರವಿರಬೇಕು. ನಿಮ್ಮ 50 ಅಡಿ ಎಂದರೆ 15 ಮೀಟರ್ ಮಾತ್ರ, ಅದೂ ಬಾವಿಯ ಮೇಲ್ಬದಿಯಲ್ಲಿ. ಆ ಜಾಗವನ್ನು ಇಂಗಿಸುವುದಕ್ಕೆ ಬಳಸಲೇಬೇಡಿ.

ಮುಂದಿನ ಲೆಕ್ಕಕ್ಕೆ ಮಣ್ಣಿನ ಪರೀಕ್ಷೆ ಬೇಕು. ಬೇಣದಲ್ಲಿ ಎರಡು ಕಡೆ ಒಂದು ಅಡಿ ಅಗಲದ, ಎರಡೂವರೆ ಅಡಿ ಆಳದ ಕುಳಿ ತೆಗೆಸಿ. ಗುದ್ದಲಿ ತಾಗಿ ನುಣುಪಾದ ಬದಿಗಳನ್ನು ಕೆರೆದು, ತಳಕ್ಕೆ ಎರಡು ಇಂಚು ದಪ್ಪ ಮರಳು ಹಾಕಿ, ಒಂದು ಅಡಿ ನೀರು ತುಂಬಿ, ಇಂಗಿದಂತೆಲ್ಲ ಮತ್ತೆ ತುಂಬುತ್ತ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಮರಳಿನ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಅಳೆಯಿರಿ. 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕಾಯಿತು ಎಂಬುದೇ ನಮಗೆ ಬೇಕಾದ ಸಂಖ್ಯೆ. ನೆನೆಸುವ ಹಂತವನ್ನು ಬಿಡಬೇಡಿ. ಬೇಸಿಗೆಯ ಒಣ ಮಣ್ಣು ಯಾವಾಗಲೂ ಹೆಚ್ಚು ಆಸೆ ತೋರಿಸುತ್ತದೆ.

ಉತ್ತರ: ತೋಟದಂಚು (ಸಾಗರ)

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಅದು ನಿಮಗೆ ಉಪಯೋಗವಾದರೆ ಸಂತೋಷ. ಹದಿನೈದು ವರ್ಷದ ಹಿಂದೆ ನಾವೂ ಇಂಥದೇ ರಿಂಗಿನ ಗುಂಡಿಯನ್ನು ಬಾವಿಯಿಂದ 35 ಅಡಿ ದೂರದಲ್ಲಿ ಮಾಡಿಸಿದೆವು. ಪ್ರತಿವರ್ಷ ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಮಕ್ಕಳಿಗೆ ಹೊಟ್ಟೆ ಕೆಡುತ್ತಿತ್ತು. ಥಂಡಿ, ಹವೆ ಎಂದು ಸುಮ್ಮನಿದ್ದೆವು. ಒಂದು ವರ್ಷ ಮಾರ್ಚ್‌ನಲ್ಲಿ, ನೀರಿನಲ್ಲಿ ಮಲದ ಕಲ್ಮಶವಿದ್ದರೆ ಕಪ್ಪಾಗುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗೆ ಬಾವಿಯ ನೀರು ತುಂಬಿಸಿ ಇಟ್ಟೆವು. ಎರಡು ದಿನವಾದರೂ ಬಣ್ಣ ಬದಲಾಗಲಿಲ್ಲ. ಬಾವಿ ಶುದ್ಧವಾಗಿದೆ ಎಂದು ನೆಮ್ಮದಿಯಿಂದ ಇದ್ದೆವು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಇಟ್ಟಾಗ ಬೆಳಗಾಗುವಷ್ಟರಲ್ಲಿ ಬಾಟಲಿ ಕಪ್ಪಾಗಿತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡದೆ ನಿಂತಿದ್ದು ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಕುದಿಸಿದ ನೀರನ್ನೇ ಕುಡಿದೆವು, ಮರುಬೇಸಿಗೆಯಲ್ಲಿ ಆ ಗುಂಡಿಯನ್ನು ಮುಚ್ಚಿ ಬೇರೆ ಕಡೆ ವ್ಯವಸ್ಥೆ ಮಾಡಿಸಿದೆವು.

ಜಂಬಿಟ್ಟಿಗೆ ಇರುವಲ್ಲಿ ಅಳತೆಯ ದೂರವನ್ನು ಮಾತ್ರ ನಂಬಬೇಡಿ. ಅದರ ತೂತು, ಬಿರುಕುಗಳಲ್ಲಿ ನೀರು ಸೋಸದೆ ಓಡುತ್ತದೆ. ಅದರ ಕೆಳಗಿನ ಶೇಡಿ ಮಣ್ಣು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ಆ ನೀರು ಅಡ್ಡಕ್ಕೆ ಹರಿದು ತಗ್ಗಿನ ಬಾವಿಯನ್ನು ಸೇರುತ್ತದೆ.

ನನ್ನದೊಂದು ಪ್ರಶ್ನೆಯೂ ಇದೆ. ಸ್ವಚ್ಛ ಭಾರತ ಯೋಜನೆಯಲ್ಲಿ ಹೇಳುವ ಎರಡು ಗುಂಡಿಗಳ ಪದ್ಧತಿ ಇದಕ್ಕಿಂತ ಅಗ್ಗವಲ್ಲವೇ? ಕಟ್ಟೋಣ ಅವರು ಹೇಳಬೇಕು.

ಪ್ರತಿಕ್ರಿಯೆ: ಬೇಣದಮನೆ

ಇಬ್ಬರಿಗೂ ಕೃತಜ್ಞತೆಗಳು. ಪರೀಕ್ಷೆ ಮಾಡಿ ನೋಡಿದೆ. ಬೇಣದ ಮೇಲ್ಭಾಗದಲ್ಲಿ ಎರಡು ಅಡಿಗೇ ಜಂಬಿಟ್ಟಿಗೆ ಸಿಕ್ಕಿತು. ಅಲ್ಲಿ ರಾತ್ರಿ ನೆನೆಸಿದ ಮೇಲೂ 25 ಮಿಲಿಮೀಟರ್ ನೀರು ಒಂದು ನಿಮಿಷದೊಳಗೆ ಇಳಿದು ಹೋಯಿತು. ಕೆಳಭಾಗದಲ್ಲಿ ನಾಲ್ಕು ಅಡಿಯವರೆಗೂ ಕೆಂಪು ಮಣ್ಣೇ ಇದೆ. ಅಲ್ಲಿ ಅರ್ಧ ಗಂಟೆಗೆ 75 ಮಿಲಿಮೀಟರ್ ಇಳಿಯಿತು. ಈ ಎರಡನೇ ಜಾಗ ಬಾವಿಯಿಂದ 36 ಮೀಟರ್, ಮನೆಯಿಂದ 14 ಮೀಟರ್ ದೂರವಿದೆ. ನೀರು ಬೇಗ ಇಂಗುವ ಮೇಲಿನ ಜಾಗವೇ ಉತ್ತಮ ಎಂದು ಮೇಸ್ತ್ರಿ ಹೇಳುತ್ತಾರೆ.

ಉತ್ತರ: ಕಟ್ಟೋಣ

ಮೇಲಿನ ಜಾಗವನ್ನು ಬಿಡಿ. ಒಂದು ನಿಮಿಷದೊಳಗೆ ಇಳಿಯುವ ನೀರು ಮಣ್ಣಿನಲ್ಲಿ ಸೋಸುವುದಿಲ್ಲ, ಬಿರುಕಿನಲ್ಲಿ ಹರಿಯುತ್ತದೆ. ಸಾಗರದವರ ಬಾವಿಗೆ ಆದದ್ದು ಇದೇ.

ಕೆಳಗಿನ ಜಾಗದಲ್ಲಿ 25 ಮಿಲಿಮೀಟರಿಗೆ 10 ನಿಮಿಷ ಬಂದಿದೆ. ಇದು 30 ನಿಮಿಷದೊಳಗಿದ್ದರೆ ಇಂಗುಗುಂಡಿಯೂ ಆಗುತ್ತದೆ, ಇಂಗುಕಾಲುವೆಯೂ ಆಗುತ್ತದೆ. 30ರಿಂದ 60 ಆದರೆ ಕಾಲುವೆ ಮಾತ್ರ. 60 ದಾಟಿದರೆ ಮಣ್ಣನ್ನು ನಂಬುವಂತಿಲ್ಲ. ನಿಮಗೆ ಎರಡೂ ಸಾಧ್ಯವಿದ್ದರೂ ನೀರಿನ ಮಟ್ಟ ಮೇಲಿರುವುದರಿಂದ ಆಳದ ಗುಂಡಿ ಬೇಡ, ಉದ್ದದ ಕಾಲುವೆ ಬೇಕು. ಮಾನಕದ ಸೂತ್ರದಂತೆ 204ನ್ನು ಆ ನಿಮಿಷಗಳ ವರ್ಗಮೂಲದಿಂದ ಭಾಗಿಸಿದರೆ ದಿನಕ್ಕೆ ಒಂದು ಚದರ ಮೀಟರ್ ಎಷ್ಟು ಲೀಟರ್ ಹೀರುತ್ತದೆಂಬುದು ಸಿಗುತ್ತದೆ: ನಿಮಗೆ ಸುಮಾರು 64. ಶೌಚಾಲಯದ ನೀರು ಮಾತ್ರ, ಹತ್ತು ಜನರಿಗೆ ತಲಾ 40 ಲೀಟರ್ ಎಂದು ಹಿಡಿದರೆ 400 ಲೀಟರ್. ಅದಕ್ಕೆ ಆರೂಕಾಲು ಚದರ ಮೀಟರ್ ತಳ ಸಾಕು. ಆದರೆ ಈ ಸಂಖ್ಯೆ ಬೇಸಿಗೆಯದು. ಜುಲೈನಲ್ಲಿ ಇದೇ ಮಣ್ಣು ಇಷ್ಟು ಹೀರುವುದಿಲ್ಲ. ಆದ್ದರಿಂದ 60 ಸೆಂಟಿಮೀಟರ್ ಅಗಲದ, ತಲಾ 8 ಮೀಟರ್ ಉದ್ದದ ಎರಡು ಕಾಲುವೆಗಳನ್ನು ಎರಡು ಮೀಟರ್ ಅಂತರದಲ್ಲಿ, ಇಳಿಜಾರಿಗೆ ಅಡ್ಡವಾಗಿ ತೆಗೆಸಿ. ಒಟ್ಟು 9.6 ಚದರ ಮೀಟರ್ ಆಗುತ್ತದೆ.

ನೀರಿನ ಮಟ್ಟ ನೆಲದಿಂದ 1.8 ಮೀಟರಿನೊಳಗೆ ಬರುವಲ್ಲಿ ಕಾಲುವೆಯನ್ನು ಅರ್ಧವೋ ಪೂರ್ತಿಯೋ ನೆಲದ ಮೇಲಿನ ದಿಬ್ಬದಲ್ಲಿ ಮಾಡಬೇಕು. ನಿಮ್ಮ ಬಾವಿಯಲ್ಲಿ ಅದು ಒಂದೂವರೆ ಮೀಟರಿಗೆ ಬರುತ್ತದೆ. ಬೇಣದ ಕೆಳಭಾಗವೂ ಇಳಿಜಾರಿನಲ್ಲಿರುವುದರಿಂದ ಅಲ್ಲಿಯೂ ಹಾಗೆಯೇ ಎಂದು ತಿಳಿದು ನಡೆಯುವುದು ಕ್ಷೇಮ. ಹಾಗಾಗಿ 30 ಸೆಂಟಿಮೀಟರ್ ಮಾತ್ರ ಅಗೆದು, 20 ಸೆಂಟಿಮೀಟರ್ ಜಲ್ಲಿ ಹಾಕಿ, ಅದರ ಮೇಲೆ ರಂಧ್ರಗಳಿರುವ 4 ಇಂಚಿನ ಪೈಪನ್ನು ಬಹುತೇಕ ಸಮಮಟ್ಟದಲ್ಲಿ ಮಲಗಿಸಿ, ಮತ್ತೆ ಜಲ್ಲಿ ಮುಚ್ಚಿ, ಮಣ್ಣು ಜಲ್ಲಿಗೆ ಇಳಿಯದಂತೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿ, ಮೇಲೆ ಮಣ್ಣಿನ ದಿಬ್ಬ ಏರಿಸಿ ಹುಲ್ಲು ಬೆಳೆಸಿ. ಮೇಲ್ಬದಿಯಲ್ಲಿ ಮಳೆನೀರು ಪಕ್ಕಕ್ಕೆ ಸರಿದು ಹೋಗುವಂತೆ ಅಗಳು ತೋಡಿಸಿ. ದಿಬ್ಬದ ಮೇಲೆ ಟ್ರ್ಯಾಕ್ಟರ್ ಹೋಗಬಾರದು, ಮರ ನೆಡಬಾರದು.

ಟ್ಯಾಂಕಿನ ಅಳತೆಗೆ ಬರೋಣ. ಮಾನಕದಲ್ಲಿ ಐದು ಜನರಿಗೆ 1.5 ಮೀಟರ್ ಉದ್ದ, 0.75 ಅಗಲ, ಸುಮಾರು ಒಂದು ಮೀಟರ್ ನೀರಿನ ಆಳ. ಹತ್ತು ಜನರಿಗೆ, ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವುದಾದರೆ, 2 ಮೀಟರ್ ಉದ್ದ, 0.9 ಅಗಲ, 1.4 ಆಳ. ನೀವು ಹತ್ತು ಜನರ ಲೆಕ್ಕವನ್ನೇ ಹಿಡಿಯಿರಿ. ಆದರೆ ಆಳವನ್ನು ಒಂದು ಮೀಟರಿಗೆ ಇಳಿಸಿ, ಉದ್ದ 2.5, ಅಗಲ 1 ಮೀಟರ್ ಮಾಡಿದರೆ ಅಷ್ಟೇ 2,500 ಲೀಟರ್ ಹಿಡಿಯುತ್ತದೆ, ಅಂತರ್ಜಲದಿಂದಲೂ ಮೇಲೆ ನಿಲ್ಲುತ್ತದೆ. ನೀರಿನ ಮೇಲೆ 30 ಸೆಂಟಿಮೀಟರ್ ಖಾಲಿ ಬಿಡಿ. ಒಳಗೆ ಅಡ್ಡಗೋಡೆ ಕಟ್ಟಿ ಉದ್ದದ ಮೂರನೇ ಎರಡು ಭಾಗ ಮೊದಲ ಕೋಣೆಗೆ ಕೊಡಿ. ಗೋಡೆಯ ರಂಧ್ರ ನೀರಿನ ಆಳದ ನಡುಮಧ್ಯದಲ್ಲಿರಲಿ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5 ಸೆಂಟಿಮೀಟರ್ ಕೆಳಗಿರಬೇಕು, ಎರಡಕ್ಕೂ ಇಂಗ್ಲಿಷಿನ ‘T’ ಆಕಾರದ ಜೋಡಣೆ ಬೇಕು. ಜಂಬಿಟ್ಟಿಗೆ ಕಲ್ಲಿನಲ್ಲಿ ಟ್ಯಾಂಕ್ ಕಟ್ಟಿಸಬೇಡಿ, ಅದು ಸೋರುತ್ತದೆ. ಕಾಂಕ್ರೀಟ್ ತಳ, ಇಟ್ಟಿಗೆಯ ಗೋಡೆ, ಒಳಗೂ ಹೊರಗೂ ಸಿಮೆಂಟ್ ಗಿಲಾವು ಇರಲಿ. ಬಳಕೆಗೆ ಮೊದಲು ನೀರು ತುಂಬಿಸಿ, ಗೋಡೆಗೆ ಗುರುತು ಹಾಕಿ, ಒಂದು ದಿನ ಬಿಟ್ಟು ನೋಡಿ.

ಹಿರಿಯರ ಮಾತಿಗೂ ಇದರಲ್ಲಿ ದಾರಿಯಿದೆ. ಸೋರದ ಟ್ಯಾಂಕಿನಿಂದ ಬಾವಿಗೆ ಅಪಾಯವಿಲ್ಲ, ಅಪಾಯ ಇಂಗುವ ಕಡೆಯಿಂದ. ಟ್ಯಾಂಕ್ ವಾಯವ್ಯದಲ್ಲೇ ಇರಲಿ, ಸಾಧ್ಯವಾದರೆ ಹತ್ತು ಅಡಿ ಪಶ್ಚಿಮಕ್ಕೆ ಸರಿಸಿ. ಅಲ್ಲಿಂದ ಮುಚ್ಚಿದ ಪೈಪಿನಲ್ಲಿ ನೀರನ್ನು ಬೇಣಕ್ಕೆ ಒಯ್ಯಿರಿ. ನೈಋತ್ಯವನ್ನು ಮುಟ್ಟುವ ಅಗತ್ಯವೇ ಇಲ್ಲ.

ಎರಡು ಗುಂಡಿಗಳ ಪದ್ಧತಿಯ ಬಗ್ಗೆ: ಬಯಲುಸೀಮೆಯಲ್ಲಿ, ನೀರಿನ ಮಟ್ಟ ಆಳದಲ್ಲಿದ್ದರೆ, ನಾನು ಅದನ್ನೇ ಸೂಚಿಸುತ್ತಿದ್ದೆ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಎರಡು ವರ್ಷ ಮುಚ್ಚಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಖರ್ಚೂ ಕಡಿಮೆ. ಆದರೆ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ಎರಡು ಮೀಟರ್ ಅಂತರವಿದ್ದರೆ ಒಳ್ಳೆಯದು. ಅದು ಈ ಜಾಗದಲ್ಲಿ ಮಳೆಗಾಲದಲ್ಲಿ ಸಿಗುವುದಿಲ್ಲ.

ಉತ್ತರ: ಎರೆಹೊಲ (ಗದಗ)

ನಮ್ಮ ಎರೆಭೂಮಿಯವರಿಗೂ ಇದೇ ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳಲ್ಲಿ ಕೊಡಗಟ್ಟಲೆ ನೀರು ಮಾಯವಾಗುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದ ಮೇಲೆ ಅದೇ ಗುಂಡಿಯಲ್ಲಿ ಹನಿಯೂ ಇಂಗುವುದಿಲ್ಲ. ಮಣ್ಣು ಉಬ್ಬಿ ಒತ್ತಿದ್ದರಿಂದ ನಮ್ಮ ಟ್ಯಾಂಕಿನ ಗೋಡೆ ಒಡೆಯಿತು. ಎರಡನೇ ಬಾರಿ ಕಟ್ಟಿಸುವಾಗ ಸುತ್ತಲೂ ಒಂದು ಅಡಿ ಗರಸು ತುಂಬಿಸಿದೆವು.

ಪ್ರತಿಕ್ರಿಯೆ: ಬೇಣದಮನೆ

ಮೇಸ್ತ್ರಿಯವರಿಗೆ ಅಳತೆಗಳನ್ನು ತೋರಿಸಿದೆ. ಮೊದಲು ಖರ್ಚು ಹೆಚ್ಚಾಯಿತು ಎಂದರೂ ಸಾಗರದ ಬಾಟಲಿಯ ಕಥೆ ಕೇಳಿದ ಮೇಲೆ ಒಪ್ಪಿಕೊಂಡರು. ಕೊನೆಯದಾಗಿ ಎರಡು ಪ್ರಶ್ನೆಗಳಿವೆ. ಬಚ್ಚಲಿನ ಮತ್ತು ಪಾತ್ರೆ ತೊಳೆದ ನೀರನ್ನೂ ಟ್ಯಾಂಕಿಗೆ ಬಿಡಬಹುದೇ? ಖಾಲಿ ಮಾಡಿಸುವಾಗ ಏನು ಗಮನಿಸಬೇಕು?

ಉತ್ತರ: ಕಟ್ಟೋಣ

ಬಚ್ಚಲಿನ ನೀರನ್ನು ಬಿಡಬೇಡಿ. ಅದು ಸೇರಿದರೆ ದಿನದ ಹರಿವು ಎರಡು ಮೂರು ಪಟ್ಟಾಗಿ, ಮಡ್ಡಿ ಕೂರುವ ಮೊದಲೇ ನೀರು ಕಾಲುವೆಗೆ ನುಗ್ಗಿ ಅದು ಕಟ್ಟಿಕೊಳ್ಳುವಂತೆ ಮಾಡುತ್ತದೆ. ಹಿಂದಿನವರಂತೆ ಬಾಳೆಯ ಬುಡಕ್ಕೆ ಬಿಡಿ, ಆದರೆ ಬಾವಿಯ ಕಡೆಗಲ್ಲ. ಅಡುಗೆಮನೆಯ ನೀರಿಗೆ ಜಿಡ್ಡು ತಡೆಯುವ ಸಣ್ಣ ತೊಟ್ಟಿಯೊಂದು ಇರಲಿ. ಮಾಳಿಗೆಯ ಮಳೆನೀರಂತೂ ಟ್ಯಾಂಕಿನ ಹತ್ತಿರ ಸುಳಿಯಬಾರದು. ಟ್ಯಾಂಕ್ ಆರಂಭಿಸಲು ಯಾವ ಪುಡಿಯನ್ನೂ ಕೊಳ್ಳಬೇಕಾಗಿಲ್ಲ. ನೀರು ತುಂಬಿಸಿ, ಕೊಳೆತ ಸಗಣಿಯ ಬಗ್ಗಡವನ್ನು ಸ್ವಲ್ಪ ಹಾಕಿದರೆ ಸಾಕು. ಆ್ಯಸಿಡ್ ಮತ್ತು ಫಿನಾಯಿಲನ್ನು ಮಿತವಾಗಿ ಬಳಸಿ.

ಖಾಲಿ ಮಾಡಿಸುವ ಕೆಲಸ ಹೀರುವ ಟ್ಯಾಂಕರಿನಿಂದಲೇ ಆಗಬೇಕು. ಒಳಗೆ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಇರುತ್ತವೆ. ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ, ಎತ್ತಲು ಇಳಿದವನೂ ಉಳಿಯುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಎಷ್ಟೇ ಪರಿಚಯದವರಾಗಲಿ, ತಾವಾಗಿಯೇ ಒಪ್ಪಿದರೂ ಯಾರನ್ನೂ ಇಳಿಸಬೇಡಿ. ಮಡ್ಡಿಯನ್ನು ಹಸಿಯಾಗಿ ತೋಟಕ್ಕೆ ಸುರಿಯಲು ಕೇಳುವವರಿರುತ್ತಾರೆ. ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಜೀವಂತವಾಗಿರುತ್ತವೆ, ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಅದು ಅಂಟುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದಂಥ ಮಲಕೆಸರು ಸಂಸ್ಕರಣಾ ಘಟಕ ನಿಮ್ಮ ಸಮೀಪದ ಪಟ್ಟಣದಲ್ಲಿ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಮಡ್ಡಿಯನ್ನು ಅಲ್ಲಿಗೇ ಕಳಿಸಿ. ಖಾಲಿ ಮಾಡಿಸುವುದು ಫೆಬ್ರವರಿ, ಮಾರ್ಚ್‌ನಲ್ಲಿರಲಿ. ಮಳೆಗಾಲದಲ್ಲಿ ಖಾಲಿ ಟ್ಯಾಂಕಿನ ತಳವನ್ನು ಕೆಳಗಿನ ನೀರು ಮೇಲಕ್ಕೆತ್ತಿ ಒಡೆಯಬಹುದು. ಟ್ಯಾಂಕರಿನ ಕೊಳವೆ ತಲುಪುವಂತೆ ಎರಡೂ ಕೋಣೆಗಳ ಮುಚ್ಚಳಗಳನ್ನು ರಸ್ತೆಯ ಬದಿಗೆ ಇಡಿಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ. ಗಾಳಿಕೊಳವೆಯನ್ನು ಮಾಡಿನಿಂದ ಎರಡು ಮೀಟರ್ ಮೇಲಕ್ಕೆ ಒಯ್ದು, ಬಾಯಿಗೆ ಸೊಳ್ಳೆಪರದೆ ಕಟ್ಟಿಸುವುದನ್ನು ಮೇಸ್ತ್ರಿಯವರಿಗೆ ಈಗಲೇ ಹೇಳಿಬಿಡಿ. ಮೊದಲ ಆಗಸ್ಟ್‌ನಲ್ಲಿ ಬಾವಿಯ ನೀರನ್ನು ಬಾಟಲಿಯಲ್ಲಿ ಪರೀಕ್ಷಿಸಿದಾಗ ಫಲಿತಾಂಶವನ್ನು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.